ಮೈಲುತುತ್ತಿನ ಬಕೆಟ್ ಮುಂದೆ ನಿಂತ ಹುಡುಗಿಗೆ ಏನು ಹೇಳಬೇಕು?

ಹತ್ತನೇ ತರಗತಿ ಮುಗಿಸುವ ಮಕ್ಕಳಿಗೆ ವೇದಿಕೆಯ ಮೇಲಿಂದ ‘ದೊಡ್ಡ ಕನಸು ಕಾಣಿರಿ’ ಎಂದು ಹೇಳುವುದನ್ನು ನಾವು ಹಿರಿಯರು ಸ್ವಲ್ಪ ಕಾಲ ನಿಲ್ಲಿಸಬೇಕು. ಕನಸಿಗೆ ಬರವಿಲ್ಲ. ಮುಂದಿನ ದಾರಿ ಯಾವುದು, ಅರ್ಜಿ ಯಾವಾಗ ಹಾಕಬೇಕು, ಯಾವ ಕಾಗದಕ್ಕೆ ಯಾರ ಸಹಿ ಬೇಕು ಎಂಬುದು ಹಳ್ಳಿಯ ಮನೆಗಳನ್ನು ತಲುಪುತ್ತಿಲ್ಲ.

ಮಲೆನಾಡಿನ ನಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಈಚೆಗೆ ಹತ್ತನೆಯವರು ತಮ್ಮ ಕೊನೆಯ ಪ್ರಾಜೆಕ್ಟ್ ಮಂಡಿಸಿದರು. ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ, ಹಾಗಾಗಿ ಎಲ್ಲರೂ ಏನಾದರೊಂದು ಮಾಡಲೇಬೇಕು. ಸೌರವ್ಯೂಹ, ಮಳೆನೀರು ಕೊಯ್ಲು ಎಂದಿನಂತೆ ಇದ್ದವು. ಒಬ್ಬ ಹುಡುಗಿ ಮಾತ್ರ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ಎತ್ತಿಕೊಂಡಿದ್ದಳು. ಅವಳ ಅಪ್ಪ ಕೊನೆಗಾರರು, ಮಳೆಗಾಲದಲ್ಲಿ ಊರವರ ತೋಟಗಳಲ್ಲಿ ಮರ ಹತ್ತಿ ಔಷಧಿ ಹೊಡೆಯುತ್ತಾರೆ. ಸ್ವಂತಕ್ಕೆ ಚಿಕ್ಕದೊಂದು ತೋಟವಿದೆ.

ಅವಳು ಚಾರ್ಟ್ ಓದಲಿಲ್ಲ. ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು ಆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತಯಾರಿಸಿದಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ಅಂದರೆ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬುದು ತೋಟದ ಲೆಕ್ಕ. ಅದನ್ನು ಲೀಟರಿಗೆ ಹತ್ತು ಹತ್ತು ಗ್ರಾಂ ಎಂದು ಇಳಿಸಿಕೊಂಡಿದ್ದಳು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಅದಲುಬದಲು ಮಾಡಬಾರದು ಎಂದಳು. ಆಮೇಲೆ ಒಂದು ಚಾಕು ಅದ್ದಿ ತೆಗೆದು, ‘ಇದರ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು’ ಎಂದು ತೋರಿಸಿದಳು. ಕಬ್ಬಿಣದ ಪಾತ್ರೆ ಯಾಕೆ ಆಗದು ಎಂದು ವಿಜ್ಞಾನದ ಮೇಷ್ಟ್ರು ಕೇಳಿದರು. ಪಠ್ಯದ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿಗೆ ಹಾಕುವ ಪ್ರಯೋಗವಿದೆಯಲ್ಲ, ತಾಮ್ರವನ್ನು ಹೊರಗಟ್ಟಿ ಕಬ್ಬಿಣ ಅದರ ಜಾಗ ಹಿಡಿಯುವ ಅದೇ ಸ್ಥಾನಪಲ್ಲಟ ಕ್ರಿಯೆ ಎಂದು ಅವಳು ಥಟ್ಟನೆ ಹೇಳಿದಳು. ಅಪ್ಪನ ಚಾಕುವನ್ನೂ ಪುಸ್ತಕದ ಮೊಳೆಯನ್ನೂ ಜೋಡಿಸಿದ ಆ ಉತ್ತರ ಕೇಳಿ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ನಂತರ ಮಾತನಾಡಿದ ಅತಿಥಿಗಳು ಅವಳ ಬೆನ್ನು ತಟ್ಟಿ, ಚೆನ್ನಾಗಿ ಓದಿ ಐಎಎಸ್ ಅಧಿಕಾರಿಯಾಗು ಎಂದು ಹಾರೈಸಿದರು. ಹಾರೈಕೆ ಪ್ರೀತಿಯದೇ. ಆದರೆ ಅವಳು ಆಗಷ್ಟೇ ಮಾಡಿ ತೋರಿಸಿದ್ದಕ್ಕೂ ಆ ಮಾತಿಗೂ ಏನು ಸಂಬಂಧ? ಅವಳು ಮಾಡಿದ್ದು ಸಸ್ಯರೋಗ ಶಾಸ್ತ್ರ. ಇದೇ ಕೊಳೆರೋಗದ ಬೆನ್ನು ಹತ್ತಿ ಮಲೆನಾಡಿನ ತೋಟಗಳಲ್ಲಿ ಓಡಾಡಿದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಅಡಿಕೆಗೆ ಬೋರ್ಡೋ ಸಿಂಪಡಿಸುವ ಪದ್ಧತಿ ಇಲ್ಲಿ ಬೇರೂರಿದ್ದು ಅವರ ಕೆಲಸದಿಂದ. ಹೆಬ್ಬಾಳದ ಕೃಷಿ ಶಾಲೆಯ ಹಿಂದೆಯೂ ಅವರೇ ಇದ್ದರು. ‘ನಿನ್ನ ಬಕೆಟ್ಟಿನಲ್ಲಿರುವುದು ಒಬ್ಬ ವಿಜ್ಞಾನಿಯ ಜೀವಮಾನದ ಕೆಲಸ, ಮಗಳೇ’ ಎಂದು ಯಾರಾದರೂ ಹೇಳಬೇಕಿತ್ತು.

ಅಷ್ಟೇ ಅಲ್ಲ, ಮುಂದಿನ ದಾರಿಯನ್ನೂ ಬಿಡಿಸಿ ಹೇಳಬೇಕು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದೂ ಕನ್ನಡದಲ್ಲಿ. ಪದವಿಯೇ ಬೇಕೆಂದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು, ಜೀವಶಾಸ್ತ್ರವನ್ನು ಬಿಡಬಾರದು. ಪಿಯುಗೆ ಸೇರುವಾಗ ಗೆಳತಿಯರ ಹಿಂದೆ ಹೋಗಿ ಬೇರೆ ವಿಷಯ ಆಯ್ದುಕೊಂಡರೆ ಕೃಷಿ ಪದವಿಯ ಬಾಗಿಲು ಅಲ್ಲಿಗೇ ಮುಚ್ಚಿತು. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ತೋಟದಲ್ಲಿ ಬೆಳೆದ ಈ ಹುಡುಗಿಗೆ ಅದು ಹೇಳಿ ಮಾಡಿಸಿದ ಪರೀಕ್ಷೆ.

ಕಾಗದಪತ್ರದ ಮಾತು ಯಾರಿಗೂ ಬೇಡ, ಆದರೆ ಮಕ್ಕಳು ಮುಗ್ಗರಿಸುವುದು ಅಲ್ಲಿಯೇ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಓದಿದ ಶಾಲೆಗಳಿಂದ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಟ್ಟುಕೊಂಡಿರಬೇಕು. ಪಿಯುಸಿ ಮುಗಿದ ಮೇಲೆ ಕೊನೆಯ ದಿನಾಂಕದ ಹಿಂದಿನ ದಿನ ಅಪ್ಪಂದಿರು ಕೂಲಿ ಬಿಟ್ಟು ಕಚೇರಿಗೆ ಅಲೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ವರ್ಗಾವಣೆ ಪ್ರಮಾಣಪತ್ರದ ಜೊತೆಗೇ ಇದನ್ನೂ ಕೊಟ್ಟು ಕಳುಹಿಸಿದರೆ ಶಾಲೆಗೆ ಹೊರೆಯೇನೂ ಆಗುವುದಿಲ್ಲ.

ಎಲ್ಲರೂ ಕೃಷಿಗೇ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಅದೇ ದಿನ ಹಳೆಯ ಮೋಟಾರಿನಿಂದ ಅಡಿಕೆ ಸುಲಿಯುವ ಯಂತ್ರದ ಮಾದರಿ ಮಾಡಿ ತಂದ ಹುಡುಗನಿಗೆ ಪಾಲಿಟೆಕ್ನಿಕ್ ವಿಷಯ ತಿಳಿಸಬೇಕು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು ಎಂಬುದು ಅವನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ಐಟಿಐ, ಡಿಪ್ಲೊಮಾ ಎಲ್ಲ ಕಡಿಮೆ ಅಂಕದವರಿಗೆ’ ಎಂಬ ಮಾತು ಶಿಕ್ಷಕರ ಬಾಯಿಂದಲೇ ಬಂದಾಗ ನನಗೆ ಸಿಟ್ಟು ಬರುತ್ತದೆ. ಕೈಯಲ್ಲಿ ಬುದ್ಧಿ ಇರುವ ಮಗುವನ್ನು ಆ ಮಾತು ಕುಗ್ಗಿಸಿಬಿಡುತ್ತದೆ.

ನಮ್ಮ ಸುತ್ತಿನ ಹಳ್ಳಿಗಳಿಂದ ಹೋಗಿ ಕೃಷಿ ಡಿಪ್ಲೊಮಾ, ಪಾಲಿಟೆಕ್ನಿಕ್, ನರ್ಸಿಂಗ್, ಐಟಿಐ ಓದಿ ಕೆಲಸದಲ್ಲಿರುವವರು ಈ ಬರಹ ಓದುತ್ತಿದ್ದರೆ ಒಂದು ವಿನಂತಿ. ಪರೀಕ್ಷೆ ಮುಗಿದ ಮೇಲೆ, ಫಲಿತಾಂಶ ಬರುವ ಮೊದಲು, ಒಂದು ಭಾನುವಾರ ಶಾಲೆಗೆ ಬನ್ನಿ. ಭಾಷಣ ಬೇಡ. ನೀವು ಯಾವ ಕಾಲೇಜಿಗೆ ಸೇರಿದಿರಿ, ಹಾಸ್ಟೆಲ್ ಹೇಗೆ ಸಿಕ್ಕಿತು, ಶುಲ್ಕ ಎಷ್ಟಾಯಿತು, ಈಗ ಏನು ಕೆಲಸ ಮಾಡುತ್ತೀರಿ ಎಂಬುದನ್ನು ಮಕ್ಕಳ ಪಕ್ಕ ಬೆಂಚಿನ ಮೇಲೆ ಕುಳಿತು ಹೇಳಿದರೆ ಸಾಕು. ಮುಖ್ಯ ಶಿಕ್ಷಕರು ಕೊಠಡಿ ತೆರೆದುಕೊಡಲು ಒಪ್ಪಿದ್ದಾರೆ. ಬರುವವರು ನನಗೆ ಸಂದೇಶ ಕಳುಹಿಸಿ, ಅಪ್ಪ ಅಮ್ಮಂದಿರನ್ನು ಮನೆಮನೆಗೆ ಹೋಗಿ ಕರೆತರುವ ಕೆಲಸ ನನ್ನದು.