ಕಾಲುಚೀಲದೊಳಗಿನ ಧೈರ್ಯ

ಬೆಳಗಾವಿಯಲ್ಲಿ ಮುಂಜಾನೆ ಐದಕ್ಕೆ ಒಬ್ಬ ಮನುಷ್ಯ ರಸ್ತೆ ಮೇಲೆ ಓಡುತ್ತಿದ್ದಾನೆ ಎಂದರೆ ಊರಿನ ಲೆಕ್ಕದಲ್ಲಿ ಅದಕ್ಕೆ ಮೂರೇ ಕಾರಣ: ರೈಲು ತಪ್ಪುವುದರಲ್ಲಿದೆ, ನಾಯಿ ಬೆನ್ನು ಹತ್ತಿದೆ, ಇಲ್ಲಾ ಮಿಲಿಟರಿ ಭರ್ತಿ ಬಂದಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಊರಿದು. ಕ್ಯಾಂಪ್ ಕಡೆ ಇಪ್ಪತ್ತರ ಹುಡುಗರು ಓಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮಗಳ ಮದುವೆ ಮಾತಾಡುವ ವಯಸ್ಸಿನವರು ಚಡ್ಡಿ ಹಾಕಿಕೊಂಡು ಮ್ಯಾರಥಾನ್ ಓಟದ ಹುರುಪಿನಲ್ಲಿ ಖಾನಾಪುರ ರಸ್ತೆ ಹಿಡಿದರೆ, ಉದ್ಯಮಬಾಗ ದಾಟುವುದರೊಳಗೆ ಒಂದು ಬೈಕು ನಿಂತೇ ನಿಲ್ಲುತ್ತದೆ.

"ಯಾಕ್ರೀ ಸರ, ಏನಾತು? ಗಾಡಿ ಕೆಟ್ಟೈತೇನ್ರಿ? ಹತ್ರಿ, ಬಿಡ್ತೀನಿ."

ಐದನೇ ಕಿಲೋಮೀಟರಿನಲ್ಲಿ ಈ ಮಾತು ನಗೆ ತರಿಸುತ್ತದೆ. ಮೂವತ್ತೊಂದರಲ್ಲಿ ಇದೇ ಮಾತು ಆಕಾಶವಾಣಿಯಂತೆ ಕೇಳುತ್ತದೆ. ಹತ್ತಿಬಿಡುತ್ತಾರೆ. ಹತ್ತಿದವರ ಬೂಟು ಮಾರನೇ ವಾರ ಅಟ್ಟ ಸೇರುತ್ತದೆ, ವಾಚು ಮೇಜಿನ ಖಾನೆ ಸೇರುತ್ತದೆ. ಕೇಳಿದವರಿಗೆಲ್ಲ ಒಂದೇ ಉತ್ತರ: "ಇನ್ನ ನಮ್ಮ ಕೈಲೆ ಆಗೂದಿಲ್ರಿ. ಧೈರ್ಯನ ಹೋತು."

ಈ ಹೋದ ಧೈರ್ಯದ ಪಂಚನಾಮೆ ಮಾಡಿದರೆ ಸಿಗುವ ವಸ್ತುಗಳು ಬಹಳ ಸಣ್ಣವು. ಹತ್ತಿಯ ಕಾಲುಚೀಲ ಒಂದು ಜೊತೆ, ಹಿಂದಿನ ರಾತ್ರಿಯ ಮಡಕಿಕಾಳು ಪಲ್ಯ ಒಂದು ಬಟ್ಟಲು, ಮೊದಲ ಐದು ಕಿಲೋಮೀಟರಿನಲ್ಲಿ ಗಳಿಸಿದ ಎರಡೂವರೆ ನಿಮಿಷ. ಎದೆಯೊಳಗಿನ ಧೈರ್ಯಕ್ಕೆ ಇದರಲ್ಲಿ ಏನೂ ಆಗಿರುವುದಿಲ್ಲ. ಅದು ಪಾಪ, ಸುಮ್ಮನೆ ಕೂತಿರುತ್ತದೆ.

ಎರಡೂವರೆ ನಿಮಿಷದಿಂದಲೇ ಶುರು ಮಾಡೋಣ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರು. ಕಿಲೋಮೀಟರಿಗೆ 6 ನಿಮಿಷದಂತೆ ಓಡಿದರೆ 4 ಗಂಟೆ 13 ನಿಮಿಷ. ಲೆಕ್ಕವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಓಟ ಶುರುವಾಗುವ ಕಡೆ ಡೊಳ್ಳು ಬಡಿಯುತ್ತಿರುತ್ತದೆ, ಮೈಕಿನಲ್ಲಿ ಯಾರೋ ಹತ್ತರಿಂದ ಕೆಳಗೆ ಎಣಿಸುತ್ತಿರುತ್ತಾರೆ, ಮುಂದೆ ಓಡುವವನ ಬೆನ್ನು ನಮಗಿಂತ ಮುದಿಯಾಗಿ ಕಾಣುತ್ತದೆ. ಮೊದಲ ಕಿಲೋಮೀಟರು ಐದೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. "ಇವತ್ತ ಕಾಲು ಅಗದೀ ಹಗುರ ಅದಾವ!" ಹಗುರ ಇರಲೇಬೇಕು, ಎರಡು ವಾರದಿಂದ ಓಟ ಕಡಿಮೆ ಮಾಡಿ ದಣಿವು ಆರಿಸಿಕೊಂಡ ಕಾಲು ಅವು. ಹೀಗೆ ಐದು ಕಿಲೋಮೀಟರಿನಲ್ಲಿ ಉಳಿಸಿದ ಎರಡೂವರೆ ನಿಮಿಷವನ್ನು ಶರೀರ ಆಮೇಲೆ ಸಾವಕಾರನ ಬಡ್ಡಿಯೊಂದಿಗೆ ವಸೂಲಿ ಮಾಡುತ್ತದೆ. ಕೊನೆಯ ಏಳು ಕಿಲೋಮೀಟರು ಒಂಬತ್ತು ನಿಮಿಷಕ್ಕೊಂದರಂತೆ ತೆವಳುವವರೆಲ್ಲ ಈ ಖಾತೆಯ ಸಾಲಗಾರರೇ.

ಮೊದಲ ಐದನ್ನು ಗುರಿಗಿಂತ ಕಿಲೋಮೀಟರಿಗೆ 10-15 ಸೆಕೆಂಡು ನಿಧಾನವಾಗಿಯೇ ಓಡಬೇಕು. ಪೂರ್ತಿ ವಾಕ್ಯ ಮಾತಾಡಲು ಬರುತ್ತಿದ್ದರೆ ವೇಗ ಸರಿ ಇದೆ. ಒಬ್ಬರೇ ಓಡುವವರು ಯಾರ ಜೊತೆ ಮಾತಾಡುವುದು? ಹದಿನೇಳರ ಮಗ್ಗಿ ಹೇಳಿಕೊಳ್ಳಬಹುದು. ಉಸಿರು ಸಿಕ್ಕಿಕೊಂಡರೆ ವೇಗ ಇಳಿಸಿ. ಲೆಕ್ಕವೇ ತಪ್ಪಿದರೆ ಅದು ಓಟದ ದೋಷವಲ್ಲ, ನಾಲ್ಕನೇ ಇಯತ್ತೆಯದು.

ಇನ್ನು ಆ ಮೂವತ್ತನೇ ಕಿಲೋಮೀಟರು. ಓಟಗಾರರು ಅದಕ್ಕೆ 'ವಾಲ್' ಅನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಕಾಲು 'ಬಂದ್' ಬೀಳುತ್ತವೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2000 ಕ್ಯಾಲೊರಿಯಷ್ಟು. ಓಡಲು ಬೇಕಾಗುವುದು ತೂಕದ ಕಿಲೋಗೊಂದು, ದೂರದ ಕಿಲೋಮೀಟರಿಗೊಂದು ಕ್ಯಾಲೊರಿ. 65 ಕಿಲೋ ತೂಗುವವರಿಗೆ ಮೂವತ್ತು ಕಿಲೋಮೀಟರಿಗೆ 1950. ಕೂಡಿಸಿ ಕಳೆದರೆ ಬೈಕಿನವನು ಯಾಕೆ ಮೂವತ್ತೊಂದರಲ್ಲಿ ದೇವರಂತೆ ಕಂಡ ಎಂಬುದು ತಿಳಿಯುತ್ತದೆ. ಹೊಟ್ಟೆ ಸುತ್ತ ಕೊಬ್ಬು ಬೇಕಾದಷ್ಟಿದೆಯಲ್ಲ ಎಂದರೆ, ಇದೆ. ಆದರೆ ಅದು ಫಿಕ್ಸೆಡ್ ಡಿಪಾಜಿಟ್. ತುರ್ತಿಗೆ ಮುರಿಸಲು ಹೋದರೆ ನಿಧಾನವಾಗಿ ಕೊಡುತ್ತಾರೆ, ಅಷ್ಟೊತ್ತಿಗೆ ನಮ್ಮ ಓಟ ನಡಿಗೆಯಾಗಿರುತ್ತದೆ. ಮಿದುಳು ನಡೆಯುವುದೂ ಇದೇ ಸಕ್ಕರೆಯ ಮೇಲೆ. ಆದ್ದರಿಂದಲೇ ಆ ಹೊತ್ತಿಗೆ ತಲೆಯಲ್ಲಿ ವೇದಾಂತ ಶುರುವಾಗುವುದು: ಯಾರಿಗಾಗಿ ಈ ಓಟ, ಏನು ತಂದಿದ್ದೆವು, ಏನು ಒಯ್ಯುತ್ತೇವೆ. ಇದಕ್ಕೆ ಗುರುಗಳು ಬೇಕಾಗಿಲ್ಲ, ಒಂದು ಬಾಳೆಹಣ್ಣು ಬೇಕು.

ಅದೂ ಮೂವತ್ತರಲ್ಲಲ್ಲ. ಶುರುವಾದ ಮುಕ್ಕಾಲು ಗಂಟೆಯಿಂದಲೇ, ಹಸಿವಿರಲಿ ಬಿಡಲಿ, ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಹೊಟ್ಟೆಗೆ ಹೋಗುತ್ತಿರಬೇಕು. ಓಟಗಾರರು ಹೀರುವ ಸಕ್ಕರೆ ಪಾಕದ ಪೊಟ್ಟಣ, ಅಂದರೆ ಅಂಗಡಿಯ ಜೆಲ್ ಒಂದರಲ್ಲಿ 20-25 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಲ್ಲ ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯೇ. ಆದರೆ ಚಡ್ಡಿಯ ಕಿಸೆಯಲ್ಲಿ ಬೆವರಿಗೆ ಕರಗಿ ಅದು ಎಲ್ಲೆಲ್ಲಿ ಹರಿಯುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಳ್ಳಿ. ಊರಿನ ಅಭಿಮಾನಕ್ಕೆ ಕುಂದಾ ಕಟ್ಟಿಕೊಂಡು ಹೋಗಬಾರದು. ಅದರಲ್ಲಿ ಹಾಲಿನ ಕೊಬ್ಬು ಇರುತ್ತದೆ, ಕೊಬ್ಬು ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ, ನೀವು ಮಚ್ಛೆ ದಾಟಿದರೂ ಕುಂದಾ ಹಿಂದಿನ ಊರು ಪೀರನವಾಡಿಯಲ್ಲೇ ಕೂತಿರುತ್ತದೆ.

ಒಬ್ಬರೇ ಓಡುವಾಗ ನೀರಿನ ಟೇಬಲ್ಲು, ಚಪ್ಪಾಳೆ ಎರಡೂ ಇರುವುದಿಲ್ಲ. ಅರ್ಧ ಲೀಟರಿನ ಬಾಟಲಿ ಕೈಯಲ್ಲಿ, ಮುಂದಿನ ಚಹಾದಂಗಡಿ ಎಷ್ಟೊತ್ತಿಗೆ ತೆರೆಯುತ್ತದೆಂಬ ಮಾಹಿತಿ ತಲೆಯಲ್ಲಿ ಇರಬೇಕು. ಬರಿಯ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ಉಂಗುರ ಬಿಗಿಯಾಗಿ, ತಲೆನೋವು ಬಂದು, ವಾಂತಿ ಬಂದಂತಾದರೆ ಇನ್ನಷ್ಟು ನೀರು ಕುಡಿಯುವುದಲ್ಲ, ನಿಂತು ಡಾಕ್ಟರ ಹತ್ತಿರ ಹೋಗುವುದು. ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು: ಒಂದು ಲೀಟರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಎರಡೂ ಸಮತಲ ಚಮಚ. ಗುಪ್ಪೆ ಹಾಕಿದರೆ ಕುಡಿದವರ ಮುಖ ನೋಡಿ ಬೈಕಿನವನು ಆಂಬುಲೆನ್ಸಿಗೇ ಫೋನ್ ಮಾಡುತ್ತಾನೆ.

ಹಿಂದಿನ ರಾತ್ರಿಯ ಊಟದ ಬಗ್ಗೆ ಬರೆಯುವಾಗ ಕೈ ನಡುಗುತ್ತದೆ, ಯಾಕೆಂದರೆ ಜೋಳದ ರೊಟ್ಟಿಯ ವಿರುದ್ಧ ಮಾತಾಡಬೇಕಾಗಿದೆ. ರೊಟ್ಟಿ, ಮಡಕಿಕಾಳು, ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಶೇಂಗಾ ಹಿಂಡಿ: ವರ್ಷದ 364 ದಿನ ಇದಕ್ಕಿಂತ ಚೊಲೋ ಊಟ ಇಲ್ಲ. ಓಟದ ಹಿಂದಿನ ದಿನ ಮಾತ್ರ ಬೇಡ. ಓಡುವಾಗ ರಕ್ತವೆಲ್ಲ ಕಾಲಿನ ಕಡೆ ತಿರುಗಿ ಕರುಳಿಗೆ ಕಡಿಮೆ ಸಿಗುತ್ತದೆ, ಮೇಲಿಂದ ಗಂಟೆಗಟ್ಟಲೆ ಕುಲುಕಾಟ. ಒಳಗೆ ನಾರು ಮತ್ತು ಖಾರ ತುಂಬಿದ್ದರೆ ಹದಿನಾಲ್ಕನೇ ಕಿಲೋಮೀಟರಿಗೆ ಅದು ಹೊರಗೆ ಬರುವ ದಾರಿ ಹುಡುಕುತ್ತದೆ. ನೀವು ಕಬ್ಬಿನ ಹೊಲ ಹುಡುಕುತ್ತೀರಿ. ಅನ್ನ-ಸಾರು, ಅವಲಕ್ಕಿ, ಇಡ್ಲಿ ಸಾಕು. ಮುಂಜಾನೆಯ ತಿಂಡಿ ಓಟಕ್ಕೆ ಮೂರು ಗಂಟೆ ಮೊದಲು. ಎರಡು ಗಂಟೆ ರಾತ್ರಿಗೆ ಇಡ್ಲಿ ಮಾಡಿಕೊಡಲು ಮನೆಯಲ್ಲಿ ಯಾರನ್ನೂ ಎಬ್ಬಿಸಬೇಡಿ. ಮದುವೆ ಉಳಿಯುವುದು ಮ್ಯಾರಥಾನಿಗಿಂತ ಉದ್ದದ ಓಟ.

ಕಾಲುಚೀಲಕ್ಕೆ ಬರೋಣ. ಹತ್ತಿ ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ. ಒದ್ದೆ ಚರ್ಮ ಮೆತ್ತಗಾಗಿ, ಬಟ್ಟೆಯ ಮಡಿಕೆಗೆ ತಿಕ್ಕಿ, ಬೊಬ್ಬೆ ಏಳುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನಿನ ಓಟದ ಕಾಲುಚೀಲ ಕೊಳ್ಳಿ. ಐದು ತಾಸಿನ ಓಟಕ್ಕೆ ಮದುವೆಯಲ್ಲಿ ಕೊಟ್ಟ ಬಿಳಿ ಕಾಲುಚೀಲ ಸಲ್ಲದು. ಅಂಗಿಯದೂ ಅದೇ ಕಥೆ. ಒದ್ದೆ ಹತ್ತಿ ಅಂಗಿ ಎದೆಯ ತೊಟ್ಟುಗಳನ್ನು ಮರಳು ಕಾಗದದಂತೆ ಉಜ್ಜುತ್ತದೆ. ಗಂಡಸರು ಎರಡು ಕೆಂಪು ಗೆರೆ ಇಳಿದ ಬಿಳಿ ಟೀ ಶರ್ಟಿನಲ್ಲಿ ಮೆಡಲು ಕಚ್ಚಿ ಫೋಟೋ ತೆಗೆಸಿಕೊಂಡಿರುವುದು ಪ್ರತಿ ಊರಿನ ಓಟದಲ್ಲೂ ಸಿಗುತ್ತದೆ. ಔಷಧಿ ಅಂಗಡಿಯ ಕಾಗದದ ಟೇಪು ಎರಡು ತುಂಡು ಮೊದಲೇ ಅಂಟಿಸಿಕೊಂಡರೆ ಮುಗಿಯಿತು. ತೊಡೆಸಂದಿಗೆ, ಕಂಕುಳಿಗೆ ವ್ಯಾಸಲೀನು ಧಾರಾಳವಾಗಿ ಹಚ್ಚಬೇಕು. ಕೊಬ್ಬರಿ ಎಣ್ಣೆ ಬೆವರಿನ ಜೊತೆ ಬೇಗ ಇಳಿದುಹೋಗುತ್ತದೆ. ಎಲ್ಲಿ ಹಚ್ಚಲು ಮರೆತಿರಿ ಎಂಬುದನ್ನು ಬಚ್ಚಲಲ್ಲಿ ಮೊದಲ ತಂಬಿಗೆ ಬಿಸಿನೀರು ತಿಳಿಸುತ್ತದೆ, ಪಕ್ಕದ ಮನೆಗೂ ಕೇಳುವಂತೆ.

ಬೂಟು ಸಂಜೆ ಹೊತ್ತು ಕೊಳ್ಳಬೇಕು, ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ತಗುಲಿ ಉಗುರು ಕಪ್ಪಾಗಿ ಉದುರುತ್ತದೆ. 500ರಿಂದ 800 ಕಿಲೋಮೀಟರಿಗೆ ಅದರ ಆಯುಷ್ಯ ಮುಗಿಯಿತು. ಮೇಲೆ ಹೊಸದಾಗಿಯೇ ಕಾಣುತ್ತದೆ, ಒಳಗಿನ ಮೆತ್ತೆ ಸತ್ತಿರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ನೆನೆದು ಬಂದ ಬೂಟಿನೊಳಗೆ ಹಳೆಯ ಪೇಪರು ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಒಲೆಯ ಮುಂದಿಟ್ಟರೆ ಅಂಟು ಬಿಡುತ್ತದೆ.

ವಾಚಿನವರ ಜಗಳ ಬೇರೆಯೇ. "ನಮ್ಮ ವಾಚಿನ್ಯಾಗ 42.6 ತೋರ್ಸಾಕತ್ತೈತಿ, ನಮ್ಮ ನಾಕ್ನೂರ್ ಮೀಟರ್ ಯಾರ್ ಕೊಡಾವ್ರು?" ಪ್ರಮಾಣೀಕೃತ ಮಾರ್ಗವನ್ನು ತಿರುವುಗಳ ಒಳಬದಿಯ ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ, ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರು ಸೇರಿಸಿಯೂ ಇರುತ್ತಾರೆ. ಉಳಿದದ್ದೆಲ್ಲ ನೀವು ರಸ್ತೆಯ ಆ ಬದಿ ಈ ಬದಿ ಅಲೆದದ್ದು.

ಇನ್ನು ಅಟ್ಟದ ಬೂಟು ಇಳಿಸುವ ಕೆಲಸ. ಎರಡು ವಾರ ಏನೂ ಮಾಡಬೇಡಿ. ಮೂರನೇ ವಾರ ವಾಚು ಮನೆಯಲ್ಲಿಟ್ಟು ಕೋಟೆ ಕೆರೆಯ ಸುತ್ತ ಮೂರು ಕಿಲೋಮೀಟರು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ; ದಣಿದ ಮೇಲಲ್ಲ, ಮೊದಲ ಐದು ನಿಮಿಷದಿಂದಲೇ. ಜನರೆದುರು ನಡೆಯಲು ನಾಚಿಕೆಯಾದರೆ ಫೋನ್ ಕಿವಿಗಿಟ್ಟುಕೊಂಡು "ಹಾಂ, ಹೇಳ್ರಿ" ಅನ್ನಿ. ವಾರದ ಉದ್ದದ ಓಟವನ್ನು ಒಂದೆರಡು ಕಿಲೋಮೀಟರು ಏರಿಸುತ್ತ, ಪ್ರತಿ ನಾಲ್ಕನೇ ವಾರ ಇಳಿಸುತ್ತ, ಓಟಕ್ಕೆ ಮೂರು ವಾರ ಮೊದಲು 30-32ಕ್ಕೆ ನಿಲ್ಲಿಸಿ. ಮತ್ತೊಂದು ಕೆಲಸ ತಪ್ಪದೆ ಮಾಡಿ: ಹಿಂದೆ ಬೈಕ್ ಹತ್ತಿದ ಜಾಗಕ್ಕೆ ಬಸ್ಸಿನಲ್ಲಿ ಹೋಗಿ ಇಳಿದು, ತಾಜಾ ಕಾಲಿನಲ್ಲಿ ಅಲ್ಲಿಂದ ಮನೆಯವರೆಗೆ ಓಡಿ. ಅಲ್ಲಿ ದೆವ್ವವಿಲ್ಲ, ಒಂದು ಪಂಕ್ಚರ್ ಅಂಗಡಿ ಅಷ್ಟೇ ಇದೆ ಎಂದು ಗೊತ್ತಾಗುತ್ತದೆ.

ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲೇ ಓಡಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಇದು ಎರಡು ಪಟ್ಟು ಮುಖ್ಯ. ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರಿನ ಹಾಡು ಅರ್ಧ ಮೈಲಿಯಿಂದ ಕೇಳುತ್ತದೆ, ಹಿಂದಿನ ದೀಪ ಹತ್ತು ಅಡಿಯಿಂದಲೂ ಕಾಣುವುದಿಲ್ಲ. ಅದರಿಂದ ಉದುರಿದ ರವದಿ ಇಬ್ಬನಿಗೆ ನೆನೆದರೆ ಬಾಳೆಸಿಪ್ಪೆಗಿಂತ ಜಾರುತ್ತದೆ. ನಾಯಿ ಬಂದರೆ ಓಟ ನಿಲ್ಲಿಸಿ ನಡೆಯಿರಿ, ಕಣ್ಣಿಗೆ ಕಣ್ಣು ಕೊಡಬೇಡಿ. ಕಲ್ಲೆತ್ತಿಕೊಳ್ಳುವವರಂತೆ ಬಗ್ಗಿದರೆ ಹೆಚ್ಚಿನವು ಹಿಂದೆ ಸರಿಯುತ್ತವೆ. ಆದರೆ ಮೂವತ್ತರ ಆಚೆ ಬಗ್ಗಬೇಡಿ, ಮತ್ತೆ ಎದ್ದೇಳುವ ಖಾತರಿ ಇಲ್ಲ.

ಜೆಲ್ಲು, ವಾಚು, ಟೇಪು ಎಂದು ಇಷ್ಟೆಲ್ಲ ಹೇಳುವಾಗ ಈ ಊರಿನವರೊಬ್ಬರು ನೆನಪಾಗಿ ಮುಜುಗರವಾಗುತ್ತದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. 42.195 ಎಂಬ ಅಳತೆ ಕಾಯಂ ಆದದ್ದು ಮರುವರ್ಷ, 1921ರಲ್ಲಿ. ಆಂಟ್‌ವರ್ಪಿನ ದಾರಿ 42.75 ಕಿಲೋಮೀಟರು ಇತ್ತು. ಅಂದರೆ ನಮಗಿಂತ 555 ಮೀಟರು ಹೆಚ್ಚು, ಅದೂ ಕಿಲೋಮೀಟರಿಗೆ ನಾಲ್ಕು ನಿಮಿಷದೊಳಗೆ. ವಾಚಿನ ನಾಕ್ನೂರು ಮೀಟರಿಗೆ ಜಗಳ ತೆಗೆಯುವವರು ಈ ಊರಲ್ಲಾದರೂ ಸ್ವಲ್ಪ ದನಿ ತಗ್ಗಿಸಬೇಕು.

ಓಟ ಮುಗಿದ ದಿನ ಮೆಡಲು ಹಾಕಿಕೊಂಡೇ ಚಹಾ ಕುಡಿಯಬಹುದು. ತೊಡೆ ನೋವು ಜೋರಾಗುವುದು ಆಮೇಲಿನ ಒಂದೆರಡು ದಿನ. ಮೆಟ್ಟಿಲು ಹತ್ತಲು ಅಡ್ಡಿ ಇಲ್ಲ, ಇಳಿಯುವಾಗ ಮೈಭಾರ ತಡೆಯಲು ತೊಡೆ ಒಪ್ಪುವುದಿಲ್ಲ. ಕಟಾಂಜನ ಹಿಡಿದು ಹಿಮ್ಮುಖವಾಗಿ ಇಳಿಯಿರಿ. "ಏನ್ರೀ, ಏನರ ಹರಕಿ ಹೊತ್ತೀರೇನು?" ಅಂತ ಕೆಳಗಿನ ಮನೆಯ ಕಾಕು ಕೇಳಿದರೆ ಹೌದೆಂದು ಬಿಡುವುದು ಸುಲಭ. ಮನೆಯಲ್ಲಿ ಕೂತೇಳುವ ಹಳೆ ಪದ್ಧತಿಯ ಪಾಯಖಾನೆ ಇದ್ದರೆ ಒಂದು ತಯಾರಿ ಮುನ್ನಾದಿನವೇ ಆಗಬೇಕು. ಬಾಗಿಲಿನ ಚಿಲಕದ ನಾಲ್ಕೂ ಸ್ಕ್ರೂ ಬಿಗಿ ಮಾಡಿಸಿ. ಮೇಲೇಳಲು ಹಿಡಿಯುವುದಕ್ಕೆ ಅಲ್ಲಿ ಬೇರೇನೂ ಇರುವುದಿಲ್ಲ.