ಕಿಟ್ ಕಾರು ಕಟ್ಟುವ ಆಸೆಯೇ? ಮೊದಲ ಫೋನು ಇನ್ಶೂರೆನ್ಸ್ ಬ್ರೋಕರ್‌ಗೆ ಹೋಗಲಿ

ಬ್ರಿಟನ್ನಿನಲ್ಲಿ ಕಿಟ್ ಕಾರು, ಅಂದರೆ ಕಂಪನಿಯಿಂದ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸುವ ಕಾರು, ಕಟ್ಟಲು ಹೊರಟ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರನ್ನು ಮಾತಾಡಿಸಿ ನೋಡಿ. ಎಂಜಿನ್ ಯಾವುದು, ಚಾಸಿ (ಕಾರಿನ ಅಡಿ ಚೌಕಟ್ಟು) ಎಲ್ಲಿಂದ, ವೆಲ್ಡಿಂಗ್ ಯಾರ ಕೈಲಿ, ಎಲ್ಲದಕ್ಕೂ ಪಕ್ಕಾ ಲೆಕ್ಕ ಇರುತ್ತದೆ. ಇನ್ಶೂರೆನ್ಸ್ ನೆನಪಾಗುವುದು ಮಾತ್ರ ಬಣ್ಣ ಒಣಗಿದ ಮೇಲೆ. ಆಗ ರೇಟು ಹೋಲಿಸುವ ವೆಬ್‌ಸೈಟಿಗೆ ಹೋದರೆ ಪಟ್ಟಿಯಲ್ಲಿ ಆ ಕಾರಿನ ಹೆಸರೇ ಇರುವುದಿಲ್ಲ. ಇದ್ದರೂ ಪ್ರೀಮಿಯಂ ನೋಡಿ ಎದೆ ಧಸಕ್ಕೆನ್ನುತ್ತದೆ. ನನ್ನ ಪ್ರಕಾರ ಇಲ್ಲಿ ಎಡವಟ್ಟಾಗಿರುವುದು ಕೆಲಸದ ಕ್ರಮದಲ್ಲಿ. ಕಿಟ್‌ಗೆ ಅಡ್ವಾನ್ಸ್ ಕೊಡುವ ಮೊದಲೇ ಬ್ರೋಕರ್ ಜೊತೆ ಮಾತಾಗಿರಬೇಕು. ಕಾರು ಕಟ್ಟಲು ಹಿಡಿಯುವ ಒಂದೆರಡು ವರ್ಷವನ್ನೇ ಪ್ರೀಮಿಯಂ ಇಳಿಸಿಕೊಳ್ಳಲು ಬಳಸಬೇಕು.

ಆಟೊಮೋಟಿವ್ ಓದಲೆಂದು ಕವೆಂಟ್ರಿ ಕಡೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿನ ರೇಟು ಅರ್ಥವೇ ಆಗುವುದಿಲ್ಲ, ಯಾಕೆಂದರೆ ನಮ್ಮೂರಿನ ಲೆಕ್ಕವೇ ಬೇರೆ. ಇಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದು ಎಂಜಿನ್ ಸಿಸಿ ಮೇಲೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ದಾಟಿದರೆ 7,897. ಓಡಿಸುವವರಿಗೆ ಹತ್ತೊಂಬತ್ತೋ ಐವತ್ತೋ, ಆ ದರ ಬದಲಾಗುವುದಿಲ್ಲ. ಬ್ರಿಟನ್ನಿನಲ್ಲಿ ಕಾರಿನಷ್ಟೇ ಗಟ್ಟಿಯಾಗಿ ಓಡಿಸುವವರನ್ನೂ ತೂಗುತ್ತಾರೆ: ವಯಸ್ಸು, ಲೈಸೆನ್ಸ್ ಸಿಕ್ಕಿ ಎಷ್ಟು ಕಾಲವಾಯಿತು, ಮನೆ ಯಾವ ಏರಿಯಾ, ಏನು ಕೆಲಸ, ಹಿಂದೆ ಕ್ಲೇಮ್ ಆಗಿದೆಯೇ. ಕೊನೆಗೆ ಒಟ್ಟು ಮೊತ್ತದ ಮೇಲೆ 12% ತೆರಿಗೆ. (ಅಂದಹಾಗೆ, ಮನೆಯಲ್ಲಿ ಕಾರು ಕಟ್ಟುವ ಆಸೆಯನ್ನು ಇಲ್ಲೇ ತೀರಿಸಿಕೊಳ್ಳೋಣ ಅಂದರೆ ಮೋಟಾರು ವಾಹನ ಕಾಯ್ದೆಯ ಕಲಂ 52 ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೇ ಅದು ಬಿಡುವುದಿಲ್ಲ.)

ಸಮಾಧಾನದ ವಿಷಯ ಏನೆಂದರೆ, ಕಿಟ್ ಕಾರನ್ನು ವಿಮೆಯವರು ನಾವು ಅಂದುಕೊಂಡಷ್ಟು ಕೆಟ್ಟದಾಗಿ ನೋಡುವುದಿಲ್ಲ. ಸ್ವಂತ ಕೈಯಿಂದ ಕಟ್ಟಿದವರು ಜೋಪಾನ ಮಾಡುತ್ತಾರೆ, ಬಿಸಿಲಿದ್ದ ದಿನ ಮಾತ್ರ ಹೊರಗೆ ತೆಗೆಯುತ್ತಾರೆ, ರಾತ್ರಿ ಗ್ಯಾರೇಜಿನಲ್ಲಿ ಬೀಗ ಹಾಕಿಡುತ್ತಾರೆ. ಈ ವ್ಯವಹಾರದಲ್ಲೇ ಪಳಗಿದವರಿಗೆ ಇದು ಗೊತ್ತು. ತೊಂದರೆ ಇರುವುದು ಕಂಪ್ಯೂಟರಿಗೆ. ಕಾರ್ಖಾನೆಯ ಕಾರುಗಳನ್ನು 1ರಿಂದ 50ರವರೆಗಿನ ಗುಂಪುಗಳಲ್ಲಿ ಇಡುವ ಪದ್ಧತಿ ಅಲ್ಲಿ ಬಹುಕಾಲ ನಡೆದುಬಂತು, ಕಿಟ್ ಕಾರಿಗೆ ಅಂಥ ಗುಂಪೇ ಇರಲಿಲ್ಲ. ಹಾಗಾಗಿ ಫೋನಿನಲ್ಲಿ ಮನುಷ್ಯರ ಜೊತೆಗೇ ಮಾತಾಡಬೇಕು. ಏಡ್ರಿಯನ್ ಫ್ಲಕ್ಸ್, ಫುಟ್‌ಮನ್ ಜೇಮ್ಸ್ ತರಹದ ಬ್ರೋಕರ್‌ಗಳು ಈ ಬಗೆಯ ಕಾರುಗಳನ್ನು ನೋಡುತ್ತಾರೆ. ಮೂರ್ನಾಲ್ಕು ಕಡೆ ಕೇಳಿದರೆ ಸಾಕು. ಎಷ್ಟೋ ಬ್ರೋಕರ್‌ಗಳ ಹಿಂದೆ ಇರುವುದು ಅದೇ ವಿಮಾ ಕಂಪನಿ, ಹತ್ತು ಕಡೆ ಕೇಳಿದರೂ ಉತ್ತರ ಒಂದೇ ಬರುತ್ತದೆ. "ನಿಮ್ಮ ಕಿಟ್ ಕಾರ್ ಸ್ಕೀಮಿಗೆ ಕನಿಷ್ಠ ವಯಸ್ಸು ಎಷ್ಟು?" ಅನ್ನುವುದೇ ಮೊದಲ ಪ್ರಶ್ನೆಯಾಗಲಿ. ಕೆಲವರ ಬಾಗಿಲು 21ಕ್ಕೆ ತೆರೆದರೆ ಇನ್ನು ಕೆಲವರದು 25ಕ್ಕೆ. ಮಿಕ್ಕ ವಿವರವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಇದು ತಿಳಿದರೆ ಅರ್ಧ ಗಂಟೆ ದಂಡ.

ಯಾವ ಕಿಟ್ ಎಂಬುದರಲ್ಲೇ ಅರ್ಧ ಪ್ರೀಮಿಯಂ ನಿರ್ಧಾರವಾಗಿಬಿಡುತ್ತದೆ. ಬೈಕ್ ಎಂಜಿನ್ ಕೂರಿಸಿದ ಕಾರನ್ನು ಎಳೆಯರ ಹೆಸರಿಗೆ ಒಪ್ಪಿಸುವುದು ಬಹಳ ಕಷ್ಟ, ಆ ಆಸೆ ಸದ್ಯಕ್ಕೆ ಬಿಡಿ. ಮಾಜ್ದಾ ಎಂಎಕ್ಸ್-5 ಅನ್ನು ಬಿಚ್ಚಿ ಕಟ್ಟುವ ಎಂಇವಿ ಎಕ್ಸೊಸೆಟ್ ತರಹದವು ಒಳ್ಳೆಯ ಆಯ್ಕೆ, ಎಂಜಿನ್ ಗೇರ್‌ಬಾಕ್ಸ್ ಎರಡೂ ಎಲ್ಲರಿಗೂ ಗೊತ್ತಿರುವಂಥವು. ಡೋನರ್, ಅಂದರೆ ಭಾಗಗಳನ್ನು ತೆಗೆಯಲೆಂದೇ ಕೊಳ್ಳುವ ಹಳೆಯ ಕಾರು, ಹುಡುಕುವಾಗ 1.8 ಲೀಟರಿನ ಬದಲು 1.6 ನೋಡಿ. 1995ರ ಹೊತ್ತಿಗೆ ಬ್ರಿಟನ್ನಿನಲ್ಲಿ ಮಾರಿದ 1.6ರ ಶಕ್ತಿಯನ್ನು ಕಂಪನಿಯೇ 90 ಅಶ್ವಶಕ್ತಿಯ ಆಸುಪಾಸಿಗೆ ಇಳಿಸಿತ್ತು. ಜನ ಅದನ್ನು ಮೂಗು ಮುರಿದು ಬಿಡುತ್ತಾರೆ, ನಿಮಗೆ ಬೇಕಾದ್ದು ಅದೇ. ಅಷ್ಟು ಹಗುರ ಕಾರಿಗೆ 90 ಧಾರಾಳ. ದುಡ್ಡಿದ್ದವರಿಗೆ ಕೇಟರ್‌ಹ್ಯಾಮ್ 170 ಇದೆ: 660 ಸಿಸಿಯ ಸುಜುಕಿ ಟರ್ಬೊ ಎಂಜಿನ್, 84 ಅಶ್ವಶಕ್ತಿ, ತೂಕ ಸುಮಾರು 440 ಕೆಜಿ. ಎಂಜಿನ್ ಸಣ್ಣದೆಂದು ಬೀಗಬೇಡಿ, ಟನ್ನಿಗೆ ಲೆಕ್ಕ ಹಾಕಿದರೆ 190 ಅಶ್ವಶಕ್ತಿ ಬರುತ್ತದೆ, ಬ್ರೋಕರ್‌ಗೂ ಆ ಲೆಕ್ಕ ಗೊತ್ತು.

ನಂಬರ್ ಪ್ಲೇಟ್ ವಿಚಾರವನ್ನೂ ಆಗಲೇ ಯೋಚಿಸಿ. ಕಿಟ್ ಕಂಪನಿಯ ಹೊಸ ಚಾಸಿಗೆ ಒಂದೇ ಡೋನರ್ ಕಾರಿನಿಂದ ಎರಡು ಮುಖ್ಯ ಭಾಗ ತೆಗೆದು ಹಾಕಿದ್ದರೆ, ಕಾಗದ ಸರಿಯಿದ್ದರೆ, ಅಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎ ಆ ಡೋನರ್‌ನ ವಯಸ್ಸಿಗೆ ತಕ್ಕ ನಂಬರ್ ಕೊಡುತ್ತದೆ. ಎಂಜಿನ್ ಒಂದು ಗುಜರಿಯಿಂದ, ಆಕ್ಸಲ್ ಇನ್ನೊಂದು ಕಡೆಯಿಂದ, ರಸೀದಿ ಯಾವುದಕ್ಕೂ ಇಲ್ಲ ಅಂದರೆ ಸಿಗುವುದು ಕ್ಯೂ ಪ್ಲೇಟ್. ಹುಟ್ಟು ಗೊತ್ತಿಲ್ಲದ ಗಾಡಿ ಅನ್ನುವುದಕ್ಕೆ ಅದೇ ಗುರುತು. ಕೆಲವು ವಿಮೆಯವರು ಕ್ಯೂ ಕಂಡ ಕೂಡಲೇ ಹಿಂದೆ ಸರಿಯುತ್ತಾರೆ, ಮಾರುವಾಗಲೂ ಬೆಲೆ ಬೀಳುತ್ತದೆ. ಒಂದೇ ಡೋನರ್ ಕೊಳ್ಳಿ, ಅದರ ವಿ5ಸಿ (ನೋಂದಣಿ) ಕಾಗದ ಜೋಪಾನ ಮಾಡಿ. ಎಂಜಿನ್ ಇಳಿಸಿ ನೆಲದ ಮೇಲಿಟ್ಟಿದ್ದರೂ ಆ ಡೋನರ್ ದಾಖಲೆಯಲ್ಲಿ ಇನ್ನೂ ಕಾರೇ. ರಸ್ತೆಗೆ ಇಳಿಸುತ್ತಿಲ್ಲ ಎಂಬ ಘೋಷಣೆ, ಅಂದರೆ ಸಾರ್ನ್, ಕೊಡದಿದ್ದರೆ ವಿಮೆ ಇಲ್ಲದ್ದಕ್ಕೆ ದಂಡದ ಪತ್ರ ಮನೆಗೆ ಬರುತ್ತದೆ. 2011ರಿಂದ ಈ ನಿಯಮ ಇದೆ.

ಕಟ್ಟುವ ಕಾಲಕ್ಕೆ ಬರೋಣ, ನನ್ನ ವಾದದ ತಿರುಳು ಇರುವುದು ಇಲ್ಲೇ. ಗ್ಯಾರೇಜಿನಲ್ಲಿ ಕಿಟ್ ಏಳುತ್ತಿರುವಾಗ ಹೊರಗೆ ಒಂದು ಸಾಧಾರಣ ಸಣ್ಣ ಕಾರು ಓಡುತ್ತಿರಲಿ, ವಿಮೆ ನಿಮ್ಮದೇ ಹೆಸರಿನಲ್ಲಿರಲಿ, ಓಡಿಸುವ ರೀತಿಯನ್ನು ವಿಮೆಯವರಿಗೆ ತಿಳಿಸುವ ಬ್ಲ್ಯಾಕ್ ಬಾಕ್ಸ್ ಹಾಕಿಸಿದರೂ ಪರವಾಗಿಲ್ಲ. ಎರಡು ವರ್ಷ ಕ್ಲೇಮ್ ಇಲ್ಲದೆ ಓಡಿಸಿದರೆ ಕಿಟ್‌ನ ಕೋಟ್ (ವಿಮೆಯವರು ಹೇಳುವ ದರ) ಕೇಳುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಕಿಟ್ ಕಾರೇ ಮೊದಲ ಮತ್ತು ಏಕೈಕ ಕಾರು ಅನ್ನುವುದು ಎಲ್ಲಕ್ಕಿಂತ ದುಬಾರಿ ದಾರಿ. ದಿನಬಳಕೆಗೆ ಬೇರೆ ಕಾರಿದೆ ಎಂಬ ಒಂದು ಮಾತಿನಿಂದಲೇ ಎಷ್ಟೋ ಸ್ಕೀಮುಗಳ ಬಾಗಿಲು ತೆರೆಯುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯನ್ನು, ಅಂದರೆ ಒಂದು ನೋ ಕ್ಲೇಮ್ ಬೋನಸ್ಸನ್ನು, ಒಂದೇ ಹೊತ್ತಿನಲ್ಲಿ ಎರಡು ಪಾಲಿಸಿಗೆ ಹಚ್ಚಲು ಬರುವುದಿಲ್ಲ. ಕಡಿಮೆ ಮೈಲಿಯ ಕಿಟ್ ಪಾಲಿಸಿಗಳು ಎಷ್ಟೋ ಸಲ ಬೋನಸ್ ಕೇಳುವುದೂ ಇಲ್ಲ, ಹೊಸದಾಗಿ ಕೊಡುವುದೂ ಇಲ್ಲ. ಸಣ್ಣ ಕಾರು ಮಾರಿ ಮೂರು ವರ್ಷ ಬರೀ ಕಿಟ್ ಓಡಿಸಿದಿರೋ, ಗಳಿಸಿದ ಬೋನಸ್ ಅಷ್ಟರಲ್ಲಿ ಸತ್ತಿರುತ್ತದೆ, ಯಾಕೆಂದರೆ ಬಳಸದ ಬೋನಸ್ಸಿಗೆ ಸಾಮಾನ್ಯವಾಗಿ ಎರಡೇ ವರ್ಷ ಆಯಸ್ಸು.

ಬ್ಲ್ಯಾಕ್ ಬಾಕ್ಸನ್ನು ಕಿಟ್ ಕಾರಿಗೇ ಹಾಕಿಸೋಣ ಅನ್ನುವವರಿಗೆ ಒಂದು ಮಾತು. ಇಂಥ ಕಾರುಗಳಲ್ಲಿ ಬ್ಯಾಟರಿ ಕಡಿಯುವ ಸ್ವಿಚ್ ಇರುವುದು ಮಾಮೂಲಿ. ನೀವು ರಾತ್ರಿ ಅದನ್ನು ತಿರುಗಿಸಿ ಮಲಗಿದರೆ ಪೆಟ್ಟಿಗೆಗೆ ಕರೆಂಟ್ ತಪ್ಪಿ, ಯಾರೋ ಕಿತ್ತಿದ್ದಾರೆ ಅಂತ ಕಂಪನಿಗೆ ಸಂದೇಶ ಹೋಗಬಹುದು. ಸ್ವಿಚ್ ದಾಟಿ ನೇರ ವೈರ್ ಎಳೆಸಿ, ಹಾಗೆ ಮಾಡಿದ್ದನ್ನು ಫಿಟ್ಟರ್ ಕೈಲಿ ಬರೆಸಿಕೊಳ್ಳಿ.

ಕಟ್ಟುತ್ತಿರುವ ಕಾರಿಗೂ ವಿಮೆ ಸಿಗುತ್ತದೆ: ಬೆಂಕಿ, ಕಳವು, ಬಿಡಿಭಾಗ ಸಾಗಿಸುವಾಗಿನ ಹಾನಿ. ಮನೆ ವಿಮೆ ಇದನ್ನು ನೋಡಿಕೊಳ್ಳುತ್ತದೆ ಅಂತ ನಂಬಿ ಕೂರಬೇಡಿ, ವಾಹನದ ಭಾಗಗಳನ್ನು ಅದು ಹೆಚ್ಚಾಗಿ ಹೊರಗಿಡುತ್ತದೆ. ಚಾಸಿ ಬಂದಾಗ ಒಂದು ಮೊತ್ತ, ಎಂಜಿನ್ ಕೂತಾಗ ಇನ್ನೊಂದು, ಹೀಗೆ ಏರಿಸುತ್ತಾ ಹೋಗಿ. ಇದಕ್ಕೆ ಇಟ್ಟ ರಸೀದಿ, ಫೋಟೊಗಳು ಮುಂದೆ ಬೆಲೆ ಒಪ್ಪಂದಕ್ಕೂ ಬೇಕಾಗುತ್ತವೆ.

ಕಾರು ಸಿದ್ಧವಾದ ಮೇಲೆ ಐವಿಎ ಪರೀಕ್ಷೆ, ಅಂದರೆ ನೋಂದಣಿಗೆ ಮೊದಲು ಆ ಒಂದು ಕಾರನ್ನು ಸರ್ಕಾರ ಪರಿಶೀಲಿಸುವುದು. ಮೊದಲೇ ಬುಕ್ ಮಾಡಿದ್ದರೆ ನೋಂದಣಿ ಇಲ್ಲದೆಯೂ ಪರೀಕ್ಷಾ ಕೇಂದ್ರಕ್ಕೆ ಓಡಿಸಿಕೊಂಡು ಹೋಗಬಹುದು, ಆದರೆ ವಿಮೆ ಇರಲೇಬೇಕು. ಆ ವಿಮೆಯನ್ನು ಚಾಸಿ ನಂಬರಿನ ಮೇಲೆ ತೆಗೆದುಕೊಂಡು, ನೋಂದಣಿ ಸಂಖ್ಯೆ ಬಂದ ದಿನವೇ ಫೋನ್ ಮಾಡಿ ಸೇರಿಸಬೇಕು. ಪರೀಕ್ಷೆಯಲ್ಲಿ ಹೊರಮೈಯ ಅಂಚುಗಳನ್ನು 100 ಮಿಲಿಮೀಟರ್ ಗೋಳ ಹಿಡಿದು ನೋಡುತ್ತಾರೆ. ಗೋಳ ತಾಗುವ ಕಡೆ ಅಂಚಿನ ದುಂಡು ಕನಿಷ್ಠ 2.5 ಮಿಲಿಮೀಟರ್ ಇರಬೇಕು. ಪಾಸಾಗಲೆಂದು ರಬ್ಬರ್ ಪಟ್ಟಿ, ನಟ್ಟಿನ ಟೋಪಿ ಹಾಕಿ, ಮನೆಗೆ ಬಂದ ಮೇಲೆ ಕಿತ್ತೆಸೆಯುವವರು ಬೇಕಾದಷ್ಟಿದ್ದಾರೆ. ಅಪಘಾತವಾದರೆ ವಿಮೆಯ ಅಸೆಸರ್ ನೋಡುವುದು ಆ ಕಿತ್ತ ಕಾರನ್ನು. ಪಾಸಾದ ಸ್ಥಿತಿಗೂ ಈಗಿನ ಸ್ಥಿತಿಗೂ ಹೊಂದಾಣಿಕೆ ಇಲ್ಲದಿದ್ದರೆ ವಾದ ಮಾಡಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಪಾಲಿಸಿ ಮಾಡುವಾಗ ಮಾರುಕಟ್ಟೆ ಬೆಲೆ ಬೇಡ, ಒಪ್ಪಿತ ಬೆಲೆ, ಅಂದರೆ ಇಬ್ಬರೂ ಮೊದಲೇ ಒಪ್ಪಿ ಬರೆದಿಟ್ಟ ಬೆಲೆ, ಕೇಳಿ. ಕಿಟ್ ಕಾರಿಗೆ ಮಾರುಕಟ್ಟೆ ಬೆಲೆ ಅಂತ ಅಚ್ಚಾದ ಪಟ್ಟಿ ಇಲ್ಲ, ಕಳವಾದ ಮೇಲೆ ಚೌಕಾಸಿಗೆ ಕೂರುವ ಪಾಡು ಬೇಡ. ನಾಲ್ಕೂ ಮೂಲೆಯಿಂದ ಫೋಟೊ, ಒಳಗಿನದು, ಎಂಜಿನ್ನಿನದು, ಮೀಟರಿನದು, ಜೊತೆಗೆ ರಸೀದಿಗಳು. ಲೋಟಸ್ ಸೆವೆನ್ ಕ್ಲಬ್, ವೆಸ್ಟ್‌ಫೀಲ್ಡ್ ಸ್ಪೋರ್ಟ್ಸ್ ಕಾರ್ ಕ್ಲಬ್ ತರಹದ ಸಂಘದ ಸದಸ್ಯರಾದರೆ ಕೆಲವು ಬ್ರೋಕರ್‌ಗಳು ರಿಯಾಯಿತಿಯನ್ನೂ ಕೊಡುತ್ತಾರೆ.

ಮೈಲಿ ಮಿತಿ ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ನಿಜ. ಆದರೆ 1,500 ಅಂತ ಬರೆಸಿ 4,000 ಓಡಿಸಿದರೆ ಎಂಒಟಿ (ವರ್ಷಕ್ಕೊಮ್ಮೆಯ ವಾಹನ ತಪಾಸಣೆ) ದಾಖಲೆಯೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ. ಮಿತಿ ಹತ್ತಿರ ಬಂದಾಗ ಫೋನ್ ಮಾಡಿ ಏರಿಸಿಕೊಳ್ಳಿ. ರೈಲ್ವೆ ಸ್ಟೇಷನ್‌ವರೆಗೆ ಓಡಿಸಿ ಅಲ್ಲಿಂದ ಕೆಲಸಕ್ಕೆ ರೈಲು ಹತ್ತಿದರೂ ವಿಮೆಯವರ ಲೆಕ್ಕದಲ್ಲಿ ಅದು ಕೆಲಸದ ಓಡಾಟವೇ. ರಾತ್ರಿ ಗ್ಯಾರೇಜಿನಲ್ಲಿ ಅಂತ ಬರೆಸಿದರೆ ಗ್ಯಾರೇಜಿನಲ್ಲೇ ಇಡಿ. ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ನಿಮ್ಮ ಕಾರು ಓಡಿಸುವ ದಿನ, ಬಹುತೇಕ ರಸ್ತೆ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಥರ್ಡ್ ಪಾರ್ಟಿ ಮಾತ್ರ ಸಾಕು, ಅಗ್ಗವಾಗುತ್ತದೆ ಅನ್ನುವ ಊಹೆಯೂ ಎಳೆಯರ ವಿಷಯದಲ್ಲಿ ಆಗಾಗ ಸುಳ್ಳಾಗುತ್ತದೆ. ಪೂರ್ತಿ ವಿಮೆಯ ಕೋಟನ್ನೂ ಜೊತೆಗೇ ಕೇಳಿ.

ಈಗ ಖಾರವಾದ ಮಾತು. "ಭಾವ ಇಲ್ಲೇ ಹದಿನೈದು ವರ್ಷದಿಂದ ಇದ್ದಾರೆ, ಅವರನ್ನೇ ಮುಖ್ಯ ಚಾಲಕ ಅಂತ ಹಾಕಿ ನನ್ನನ್ನು ಎರಡನೆಯವನಾಗಿ ಸೇರಿಸಿಬಿಡೋಣ" ಅನ್ನುವ ಸಲಹೆ ನಮ್ಮವರ ಊಟದ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಲ್ಲಿ ಇದಕ್ಕೆ ಫ್ರಂಟಿಂಗ್ ಅನ್ನುತ್ತಾರೆ, ಇದು ವಂಚನೆ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಬೇಕೆಂದೇ ಸುಳ್ಳು ಹೇಳಿದ್ದರೆ ಪಾಲಿಸಿಯನ್ನೇ ಅಸಿಂಧು ಮಾಡಬಹುದು. ಡಿಕ್ಕಿ ಹೊಡೆಸಿಕೊಂಡವರಿಗೆ ಕಂಪನಿ ದುಡ್ಡು ಕೊಟ್ಟು, ಅದನ್ನು ನಿಮ್ಮಿಂದ ವಸೂಲಿ ಮಾಡಲೂಬಹುದು. ಬರೀ ಅಜಾಗರೂಕತೆಯಿಂದ ತಪ್ಪು ಹೇಳಿದ್ದರೆ ಪಾಲು ಲೆಕ್ಕ: ನಿಜವಾದ ಪ್ರೀಮಿಯಂ 1,600 ಪೌಂಡ್ ಆಗಬೇಕಿತ್ತು, ನೀವು ಕಟ್ಟಿದ್ದು 800, ಹಾಗಾದರೆ 12,000 ಪೌಂಡ್ ಕ್ಲೇಮಿಗೆ ಸಿಗುವುದು 6,000. ವಿಮೆಯೇ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕದ 6 ಪಾಯಿಂಟ್. ಲೈಸೆನ್ಸ್ ಸಿಕ್ಕ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದಾಗಿ ಮತ್ತೆ ಪರೀಕ್ಷೆ ಬರೆಯಬೇಕು. ಭಾವ ನಿಜಕ್ಕೂ ಆಗಾಗ ಓಡಿಸುವುದಾದರೆ ಅವರನ್ನು ಎರಡನೆಯ ಚಾಲಕನಾಗಿ, ನಿಮ್ಮನ್ನು ಮುಖ್ಯ ಚಾಲಕನಾಗಿ ಬರೆಸಿ. ಅದು ಕಾನೂನುಬದ್ಧ, ಪ್ರೀಮಿಯಂ ಕೂಡ ಇಳಿಯುವುದುಂಟು.

ಭಾರತದಿಂದ ಹೋದವರಿಗೆ ಇನ್ನೆರಡು ವಿಷಯ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿನ ಪರೀಕ್ಷೆಯೇ ಗತಿ, ಬದಲಾಯಿಸಿಕೊಡುವ ವ್ಯವಸ್ಥೆ ಇಲ್ಲ. ವಿದೇಶಿ ಲೈಸೆನ್ಸ್ ಅಂದರೆ ಕೋಟ್ ಏರುತ್ತದೆ, ಆದ್ದರಿಂದ ಪರೀಕ್ಷೆಯನ್ನು ಮುಂದೂಡುವುದರಲ್ಲಿ ಲಾಭವಿಲ್ಲ. ಇನ್ನೊಂದು, ಸುಲಭವೆಂದು ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸು ಮಾಡಿದರೆ ಗೇರ್ ಕಾರು ಓಡಿಸುವ ಹಕ್ಕೇ ಬರುವುದಿಲ್ಲ. ಕಿಟ್ ಕಾರುಗಳು ಬಹುತೇಕ ಗೇರಿನವೇ. ಕ್ಲಚ್ ಇರುವ ಕಾರಿನಲ್ಲೇ ಕಲಿತು ಪಾಸಾಗಿ. ಕೊನೆಯದಾಗಿ, ಕೋಟ್ ಕೇಳಲು ಪಾಲಿಸಿ ಶುರುವಾಗುವ ಮೂರು ವಾರ ಮೊದಲೇ ಫೋನ್ ಮಾಡಿ. ಕೊನೇ ದಿನ ಓಡಿ ಬಂದವರಿಗೆ ರೇಟು ಸಾಮಾನ್ಯವಾಗಿ ಜಾಸ್ತಿ. ಕೈಲಾದರೆ ವರ್ಷದ ಮೊತ್ತವನ್ನು ಒಟ್ಟಿಗೇ ಕಟ್ಟಿಬಿಡಿ, ತಿಂಗಳ ಕಂತಿಗೆ ಬಡ್ಡಿ ಸೇರುತ್ತದೆ.