ಎರಡು ಮೈಲಿಗೆ 68 ಚೀಲ ಭತ್ತ

ಅಮೆರಿಕದ ಪತ್ರವನ್ನು ಗಂಗಾವತಿಯ ದಲಾಲಿ ಅಂಗಡಿಗೆ ಒಯ್ದು ಓದಿಸುವ ಕಾಲ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ ಅಂತ ಮನೆಯವರಿಗೆ ಮೊದಲಿಂದಲೂ ಒಂದು ನಂಬಿಕೆ ಇತ್ತು. ಆ ಪತ್ರ ಬಂದ ದಿನ ಅದು ಹೋಯಿತು.

ನನ್ನ ತಮ್ಮನ ಮಗ ಎಂಎಸ್ ಓದಲು ಅಮೆರಿಕಕ್ಕೆ ಹೋದದ್ದು 2024ರ ಆಗಸ್ಟ್‌ನಲ್ಲಿ. ನೆನಪಿದೆಯಲ್ಲ, ಅದೇ ತಿಂಗಳ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿದ್ದು. ನಮ್ಮದು ಅರ್ಧ ಜೀವ ಕಾಲುವೆ ಕಡೆ, ಅರ್ಧ ಜೀವ ವಿಮಾನದ ಕಡೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ವಾರದಲ್ಲಿ ಡ್ಯಾಮಿನ ನೀರು ನಿಲ್ಲಿಸಿದರು. ಹುಡುಗನ ಹೊಟ್ಟೆನೋವಿನ ಬಿಲ್ ಮಾತ್ರ ತಿಂಗಳುಗಟ್ಟಲೆ ನಿಲ್ಲಲಿಲ್ಲ.

ಫೀಸಿನ ಜೊತೆಗೇ ವಿಶ್ವವಿದ್ಯಾಲಯದವರು ಆರೋಗ್ಯ ವಿಮೆಯ ದುಡ್ಡನ್ನೂ ಸೇರಿಸಿದ್ದರು. ಬೇಡ ಅಂದರೆ ಬೇರೆ ವಿಮೆ ತೋರಿಸಿ ಇಂಥ ತಾರೀಖಿನೊಳಗೆ ಅರ್ಜಿ ಹಾಕಬೇಕಿತ್ತು. ಹುಡುಗ ಆಗಿನ್ನೂ ಅಲ್ಲಿ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಹುಡುಕುತ್ತಿದ್ದ. ತಾರೀಖು ದಾಟಿತು. ವಿಮೆಯಲ್ಲಿ ಹಲ್ಲು, ಕಣ್ಣು ಸೇರಿಲ್ಲವಂತೆ, ಅವಕ್ಕೆ ಬೇರೆಯೇ ವಿಮೆ. ಅಮೆರಿಕದಲ್ಲಿ ದೇಹ ಅಂದರೆ ಹಲ್ಲು, ಕಣ್ಣು ಬಿಟ್ಟು ಉಳಿದದ್ದು ಅಂತ ಆವತ್ತೇ ಗೊತ್ತಾಗಿದ್ದು. ಆದರೂ ನನ್ನ ತಮ್ಮನಿಗೆ ಸಮಾಧಾನ. "ಇಷ್ಟು ದುಡ್ಡು ಕಟ್ಟೀವಿ ಅಂದ ಮ್ಯಾಲ ಇನ್ನೇನ್ ಚಿಂತಿ ಐತಣ್ಣಾ?" ಅಂದ.

ಅಕ್ಟೋಬರ್‌ನ ಒಂದು ರಾತ್ರಿ ಹುಡುಗನಿಗೆ ಹೊಟ್ಟೆ ಹಿಡಿದುಕೊಂಡಿತು. ರೂಮ್‌ಮೇಟ್ ಹೆದರಿ 911ಕ್ಕೆ ಫೋನ್ ಮಾಡಿದ. ಆರೇ ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಎರಡು ಮೈಲಿ ದೂರದ ಆಸ್ಪತ್ರೆ. ಐದು ತಾಸು ಮಲಗಿಸಿ, ಸಲಾಯಿನ್ ಹಚ್ಚಿ, ಸ್ಕ್ಯಾನ್ ಮಾಡಿ, ಕೊನೆಗೆ ಗ್ಯಾಸ್ ಅಂದರು. ಊರಲ್ಲಿದ್ದಿದ್ದರೆ ನಮ್ಮವ್ವ ಅವನು ಹೊಸ್ತಿಲು ದಾಟುವ ಮೊದಲೇ ಅದನ್ನು ಹೇಳಿ ಅಜಿವಾನ ಬಾಯಿಗೆ ಹಾಕುತ್ತಿದ್ದಳು.

ಮೂರು ವಾರಕ್ಕೆ ವಿಮೆಯವರ ಪತ್ರ ಬಂತು. ಹುಡುಗ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು: ಇದು ಬಿಲ್ ಅಲ್ಲ. ಕೆಳಗೆ ಪುಟ ತುಂಬ ಡಾಲರ್. ನಾನು ಮೇಲಿನ ಸಾಲನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದೆ. "ಬಿಲ್ ಅಲ್ಲಂತ ಅವ್ರೇ ಬರದಾರಲ್ಲ, ಬಿಡು" ಅಂದಳು ಅವ್ವ. ಗವಿಸಿದ್ದಪ್ಪಜ್ಜನಿಗೆ ಕಾಯಿಯನ್ನೂ ಒಡೆಸಿದಳು.

ಆಮೇಲೆ ಬಿಲ್ ಬಂತು. ಆಸ್ಪತ್ರೆಯ ಕಟ್ಟಡದ್ದು ಒಂದು. ಡಾಕ್ಟರದ್ದು ಇನ್ನೊಂದು. ಸ್ಕ್ಯಾನ್ ತೆಗೆದದ್ದು ಒಬ್ಬರು, ತೆಗೆದದ್ದನ್ನು ನೋಡಿದ್ದು ಮತ್ತೊಬ್ಬರು. ನೋಡಿದ್ದಕ್ಕೂ ಬಿಲ್. ಎಲ್ಲರೂ ಒಂದೇ ಬಾಗಿಲಲ್ಲಿ ಒಳಗೆ ಬರುತ್ತಾರೆ, ದುಡ್ಡು ಕೇಳುವಾಗ ಮಾತ್ರ ಬೇರೆ ಬೇರೆ ಮನೆಯವರು.

ದಲಾಲಿ ಅಂಗಡಿಯ ಸಾವ್ಕಾರರ ಹತ್ತಿರ ಹೋದದ್ದು ಸಾಲ ಕೇಳಲು. ಅವರು ಕನ್ನಡಕ ಏರಿಸಿ ನನ್ನ ಫೋನಿನಲ್ಲಿದ್ದ ಪತ್ರ ನೋಡಿದರು. ಇಂಗ್ಲಿಷ್ ಓದಲು ಬರದಿದ್ದರೂ ಕಾಲಂ ಓದಲು ಅವರನ್ನು ಮೀರಿಸುವವರಿಲ್ಲ. ಬಲಗಡೆಯಿಂದ ಎಡಗಡೆಗೆ ಬೆರಳಾಡಿಸಿದರು. ಮುಖ ಅರಳಿತು. "ಇದು ನಮ್ ಪಟ್ಟಿನೇ ಐತಲ್ರೀ!"

ಭತ್ತ ಮಾರಿದ ರೈತನ ಕೈಗೆ ಬರುವ ಪಟ್ಟಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲೆ ದೊಡ್ಡ ಮೊತ್ತ. ಆಮೇಲೆ ಹಮಾಲಿ, ದಲಾಲಿ, ತೂಕದಲ್ಲಿ ಮುರಿದುಕೊಳ್ಳುವ ಸೂಟು. ಕೆಳಗೆ ಬರುವ ಹೊತ್ತಿಗೆ ರೈತನೇ ಬಾಕಿ. ನಾನು ಒಂದೊಂದು ಪದದ ಅರ್ಥ ಹೇಳಿದಂತೆ ಸಾವ್ಕಾರರು ಅದನ್ನು ನಮ್ಮ ಭಾಷೆಗೆ ತಂದರು. ಡಿಡಕ್ಟಿಬಲ್ ಅಂದರೆ ಮೊದಲ 500 ಡಾಲರ್ ನಿನ್ನದೇ, ಆಮೇಲೆ ನಾವು ಬರುತ್ತೇವೆ ಅಂತ. "ಸೂಟು" ಅಂದರು. ಕೋ-ಪೇ ಅಂದರೆ ಬಾಗಿಲು ಹೊಕ್ಕ ಸಲಕ್ಕೊಮ್ಮೆ ಕಟ್ಟುವುದು. "ಗೇಟಿನ ರೊಕ್ಕ." ಕೋ-ಇನ್ಶೂರೆನ್ಸ್ ಅಂದರೆ ಉಳಿದದ್ದರಲ್ಲೂ ನೂರಕ್ಕೆ ಇಪ್ಪತ್ತು ನಿನ್ನದು. "ಪಾಲು." ನಾನು ಅರ್ಧ ದಿನ ಗೂಗಲ್ ಮಾಡಿ ತಿಳಿಯದ್ದನ್ನು ಅವರು ಅರ್ಧ ಕಪ್ ಚಹಾದಲ್ಲಿ ಮುಗಿಸಿದರು.

ಅವರೂ ಬೆವರಿದ್ದು ಆಂಬುಲೆನ್ಸ್ ಕಾಲಂನಲ್ಲಿ. ಆಂಬುಲೆನ್ಸಿನವರಿಗೆ ವಿಮೆಯ ಜೊತೆ ಒಪ್ಪಂದ ಇಲ್ಲವಂತೆ. ನೆಟ್‌ವರ್ಕ್ ಹೊರಗಿನವರು. ವಿಮೆಯವರು ತಮಗೆ ನ್ಯಾಯ ಕಂಡಷ್ಟು ಕೊಟ್ಟು ಕೈ ತೊಳೆದುಕೊಂಡರು. ಉಳಿದ 1,400 ಡಾಲರ್ ಹುಡುಗನ ತಲೆಗೆ. ಡಾಲರಿಗೆ ಆಗ 84 ರೂಪಾಯಿ, ಅಂದರೆ 1,17,600. ಆ ವರ್ಷ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300, ಅಂದರೆ 75 ಕೆ.ಜಿ. ಚೀಲಕ್ಕೆ 1,725. ಸಾವ್ಕಾರರು ಬಾಯಲ್ಲೇ ಭಾಗಿಸಿದರು. 68 ಚೀಲ. ಐದು ಟನ್ ಭತ್ತ! ಆ ಆಂಬುಲೆನ್ಸನ್ನು ತೂಕಕ್ಕೆ ಹಾಕಿದರೂ ಅಷ್ಟೇ ಬಂದೀತು. ನಮ್ಮ 108 ಕೆಲವೊಮ್ಮೆ ತಡವಾಗಿ ಬರುತ್ತದೆ, ನಿಜ. ಬಂದ ಮೇಲೆ ದುಡ್ಡು ಮಾತ್ರ ಕೇಳುವುದಿಲ್ಲ.

ಇದಕ್ಕೆ ಅಲ್ಲಿ ಕಾನೂನಿಲ್ಲವೇ? ಇದೆ. 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹೆಸರೇ 'ನೋ ಸರ್ಪ್ರೈಸಸ್ ಆ್ಯಕ್ಟ್'. ಅಚಾನಕ್ ಬಿಲ್ ಹಾಕಬೇಡಿ ಅಂತ ಕಾನೂನು ಮಾಡುವ ಹೊತ್ತಿಗೆ ಎಷ್ಟು ಜನ ಅಚಾನಕ್ ಬಿಲ್ ನೋಡಿ ಮತ್ತೆ ಆಸ್ಪತ್ರೆ ಸೇರಿದ್ದರೋ. ಅದರ ಪ್ರಕಾರ ತುರ್ತು ಚಿಕಿತ್ಸೆಯಲ್ಲಿ ನೆಟ್‌ವರ್ಕ್ ಹೊರಗಿನ ಡಾಕ್ಟರು ಹೆಚ್ಚಿನ ದುಡ್ಡು ಕೇಳುವಂತಿಲ್ಲ. ವಿಮೆ ಒಪ್ಪುವ ಏರ್ ಆಂಬುಲೆನ್ಸಿಗೂ ಇದೇ ನಿಯಮ. ರಸ್ತೆಯ ಮೇಲೆ ಓಡುವ ಆಂಬುಲೆನ್ಸ್ ಮಾತ್ರ ಇದರಲ್ಲಿ ಬರುವುದಿಲ್ಲ! "ಹಂಗಾರ ಹೆಲಿಕಾಪ್ಟರ್‌ನ್ಯಾಗ ಹೋಗ್ಬೇಕಿತ್ತು ನಮ್ ಹುಡುಗ" ಅಂದ ನನ್ನ ತಮ್ಮ. ಅವನು ತಮಾಷೆಗೆ ಅಂದನೋ ಗೊತ್ತಿಲ್ಲ.

ಯಾರೋ ಸೀನಿಯರ್ ಹೇಳಿದ್ದಕ್ಕೆ ಹುಡುಗ ಆಸ್ಪತ್ರೆಗೆ ಫೋನ್ ಮಾಡಿ, ಒಂದೊಂದಕ್ಕೂ ಎಷ್ಟೆಷ್ಟು ಅಂತ ಬಿಡಿಸಿ ಬರೆದುಕೊಡಿ ಅಂದ. ನಲವತ್ತು ನಿಮಿಷ ಪಿಯಾನೋ ಕೇಳಿಸಿದರು. ಬಿಡಿಸಿ ಬರೆದ ಬಿಲ್ ಬಂದಾಗ 310 ಡಾಲರ್ ಕಡಿಮೆಯಾಗಿತ್ತು. ಯಾಕೆ ಅಂತ ಅವನು ಕೇಳಲಿಲ್ಲ. ಕೇಳಿದ್ದಕ್ಕೂ ಬಿಲ್ ಬಂದೀತು. ಅದು ಲಾಭಕ್ಕಲ್ಲದ ಆಸ್ಪತ್ರೆಯಂತೆ. ಅಂಥವರು ಕೈಲಾಗದವರಿಗೆ ರಿಯಾಯಿತಿ ಕೊಡುವ ನಿಯಮ ಇಟ್ಟುಕೊಳ್ಳಲೇಬೇಕು ಅಂತ 2010ರ ಕಾನೂನು ಹೇಳುತ್ತದೆ. ಅರ್ಜಿಯ ಫಾರಂ ಕೊಟ್ಟರು. ನಿನ್ನ ಹತ್ತಿರ ದುಡ್ಡಿಲ್ಲ ಅಂತ ದಾಖಲೆ ಸಮೇತ ತೋರಿಸು ಅಂದರು.

ನಾಲ್ಕು ತಿಂಗಳ ಹಿಂದೆ ವೀಸಾ ಕಚೇರಿಯಲ್ಲಿ ದುಡ್ಡಿದೆ ಅಂತ ದಾಖಲೆ ಸಮೇತ ತೋರಿಸಿದ್ದ ಹುಡುಗ ಇವನು. ಅದಕ್ಕಾಗಿ ಇದೇ ಸಾವ್ಕಾರರ ಹತ್ತಿರ ದುಡ್ಡು ತಂದು ಕೆಲವು ದಿನ ಬ್ಯಾಂಕಿನಲ್ಲಿ ನಿಲ್ಲಿಸಿದ್ದೆವು. ಈ ಸಲ ಯಾರ ಹತ್ತಿರವೂ ಏನೂ ತರಬೇಕಾಗಲಿಲ್ಲ. ಇದ್ದದ್ದನ್ನೇ ತೋರಿಸಿದ. ಆಸ್ಪತ್ರೆಯವರು ಅರ್ಧ ಬಿಟ್ಟರು. ಆಂಬುಲೆನ್ಸಿನವರು ಕಂತು ಮಾಡಿಕೊಟ್ಟರು.

ಆವತ್ತು ಪತ್ರ ಓದಿಸಿ ನಾವು ಅಂಗಡಿಯಿಂದ ಏಳುವಾಗ ಸಾವ್ಕಾರರು ಆ ಪತ್ರದ ಪ್ರಿಂಟ್ ಇದ್ದರೆ ಕೊಡಿ ಅಂದಿದ್ದರು. ಯಾಕೆ ಅಂದದ್ದಕ್ಕೆ ಸುಮ್ನೆ ನಕ್ಕಿದ್ದರು. ಬೇಸಿಗೆ ಬೆಳೆ ಬಂತು. ನನ್ನ ತಮ್ಮ ಎರಡು ಟ್ರಾಲಿ ಭತ್ತವನ್ನು ನೇರವಾಗಿ ರೈಸ್ ಮಿಲ್ಲಿಗೆ ಹಾಕಿ, ಉಳಿದದ್ದನ್ನು ಅವರ ಅಂಗಡಿಗೆ ತಂದ. ಪಟ್ಟಿಯಲ್ಲಿ ಹಮಾಲಿಗೂ ಸೂಟಿಗೂ ನಡುವೆ ಹೊಸದೊಂದು ಕಾಲಂ ಇತ್ತು.

"ಇದೇನ್ರೀ ಸಾವ್ಕಾರ್ರೆ?"

"ಅದಾ? ನೆಟ್‌ವರ್ಕ್ ಬಿಟ್ಟು ಹೊರಗ ಹೋಗಿದ್ರಲ್ಲ, ಅದಕ್ಕ."